ಮೀಟರ್ ಸರಿಯಾಗಿದೆ ಎಂಬ ಕಾರಣಕ್ಕೆ ದೋಣಿಯ ಅಲಾರಂ ಬಾಯಿ ಮುಚ್ಚಿಸುವವರ ಬಗ್ಗೆ ಎಚ್ಚರಿಕೆ

ಅಮೆರಿಕದಲ್ಲಿ ಹಳೆಯ ಮೋಟರ್ ದೋಣಿ ಕೊಂಡು ವಾರಾಂತ್ಯಕ್ಕೆ ಕೆರೆಗಿಳಿಯುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಜಾರ್ಜಿಯಾದ ಲೇಕ್ ಲೇನಿಯರ್‌ನಲ್ಲಿ ನಮಗಾದ ಅನುಭವ ಅವರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮದು ಕಾರ್ಬ್ಯುರೇಟರ್ ಇರುವ, ವಿ-6 ಪೆಟ್ರೋಲ್ ಎಂಜಿನ್ನಿನ ಸ್ಟರ್ನ್‌ಡ್ರೈವ್ ದೋಣಿ. ಎಂಜಿನ್ ದೋಣಿಯೊಳಗೆ ಹಿಂಭಾಗದಲ್ಲಿ ಮುಚ್ಚಳದಡಿ ಇದ್ದು, ಪ್ರೊಪೆಲ್ಲರ್ ಇರುವ ಡ್ರೈವ್ ಹೊರಗೆ ನೀರಿನಲ್ಲಿರುತ್ತದೆ. ಎಂಜಿನ್ನನ್ನು ತಣ್ಣಗಿಡುವುದು ಆ ಡ್ರೈವಿನ ಮೂಲಕ ಹೀರಿಕೊಂಡ ಕೆರೆಯ ನೀರೇ.

ಎಂಜಿನ್ ವೇಗ 3000 ಆರ್‌ಪಿಎಂ (ನಿಮಿಷಕ್ಕೆ 3000 ಸುತ್ತು) ದಾಟಿ ಸ್ವಲ್ಪ ಹೊತ್ತಾದರೆ ಡ್ಯಾಶ್‌ಬೋರ್ಡಿನ ಅಡಿಯಿಂದ ಅಲಾರಂ ಒಂದೇ ಸಮನೆ ಕೂಗುತ್ತಿತ್ತು, ನಿಧಾನಿಸಿದರೆ ತುಸು ಹೊತ್ತಿನಲ್ಲಿ ನಿಲ್ಲುತ್ತಿತ್ತು. ತಾಪಮಾನದ ಮುಳ್ಳು ಮಾತ್ರ 170 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿ ನೆಮ್ಮದಿಯಾಗಿ ನಿಂತಿತ್ತು. ರಿಪೇರಿಗೆ ಒಪ್ಪಿಸಿದ ವರ್ಕ್‌ಶಾಪಿನವರು ಮೊದಲು ತಾಪಮಾನದ ಸ್ವಿಚ್ ಬದಲಿಸಿ ಹಣ ಪಡೆದರು. ಅಲಾರಂ ಮರುಕಳಿಸಿತು. ಎರಡನೆಯ ಸಲ ದೋಣಿ ಹಿಂದಿರುಗಿಸುವಾಗ, ಮೀಟರ್ ಸರಿಯಾಗಿರುವುದರಿಂದ ಅಲಾರಂ ಸುಳ್ಳೆಂದೂ ಅದನ್ನು ಸರಿಪಡಿಸಿದ್ದೇವೆಂದೂ ಹೇಳಿದರು. ಮೊದಲೆಲ್ಲ ಕೀ ತಿರುಗಿಸಿದ ಕೂಡಲೇ, ಎಂಜಿನ್ ಚಾಲೂ ಆಗುವ ಮುನ್ನ, ಅಲಾರಂ ಕೂಗುತ್ತಿತ್ತಲ್ಲ, ಈಗೇಕೆ ಕೂಗುತ್ತಿಲ್ಲ ಎಂದು ಕೇಳಿದ್ದಕ್ಕೆ, ಹೊಸ ಸ್ವಿಚ್ ಹಾಕಿರುವುದರಿಂದ ಇನ್ನು ಹಾಗೆ ಕೂಗುವುದಿಲ್ಲ ಎಂಬ ಉತ್ತರ ಬಂತು.

ಆ ಉತ್ತರ ಶುದ್ಧ ಸುಳ್ಳು. ಅಲಾರಮ್ಮಿನ ಬಝರಿಗೆ ಒಂದು ಕಡೆಯಿಂದ 12 ವೋಲ್ಟ್ ಬರುತ್ತದೆ. ಇನ್ನೊಂದು ಕಡೆಯ ಒಂದೇ ತಂತಿ (ನಮ್ಮ ದೋಣಿಯಲ್ಲಿ ನೀಲಿ ಗೆರೆಯ ತಿಳಿ ಕಂದು ತಂತಿ) ಮೂರು ಸ್ವಿಚ್ಚುಗಳಿಗೆ ಹೋಗುತ್ತದೆ. ಎಂಜಿನ್ ಅತಿಯಾಗಿ ಬಿಸಿಯಾದಾಗ ಅರ್ಥ್ ಆಗುವ (ಎಂಜಿನ್ನಿನ ಲೋಹಕ್ಕೆ ಸಂಪರ್ಕ ಕೊಟ್ಟು ಬಝರ್ ಕೂಗಿಸುವ) ಸ್ವಿಚ್ ಒಂದು, ಆಯಿಲ್ ಒತ್ತಡ ಇಲ್ಲದಾಗ ಅರ್ಥ್ ಆಗುವುದು ಇನ್ನೊಂದು, ಡ್ರೈವಿನ ಗೇರ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಾಗ ಅರ್ಥ್ ಆಗುವುದು ಮೂರನೆಯದು. ಎಂಜಿನ್ ನಿಂತಿರುವಾಗ ಆಯಿಲ್ ಒತ್ತಡ ಇರುವುದಿಲ್ಲವಾದ್ದರಿಂದ ಕೀ ತಿರುಗಿಸಿದಾಗ ಇಂಥ ಎಂಜಿನ್ನಿನ ಅಲಾರಂ ಕೂಗಲೇಬೇಕು, ಚಾಲೂ ಆಗಿ ಒತ್ತಡ ಏರಿದ ಮೇಲೆ ಸುಮ್ಮನಾಗಬೇಕು. ಕೂಗದಿದ್ದರೆ ಎಲ್ಲೋ ಸಂಪರ್ಕ ತಪ್ಪಿದೆ, ಇಲ್ಲವೇ ಬಝರ್ ಅಥವಾ ಆಯಿಲ್ ಒತ್ತಡದ ಸ್ವಿಚ್ ಕೆಟ್ಟಿದೆ ಎಂದರ್ಥ. ನಮ್ಮ ದೋಣಿಯಲ್ಲಿ ಆ ತಂತಿಯನ್ನು ಬಝರಿನ ಹಿಂದೆ ಕತ್ತರಿಸಿ, ತುದಿಗೆ ಕಪ್ಪು ಟೇಪ್ ಸುತ್ತಿ, ಉಳಿದ ತಂತಿಗಳ ಕಟ್ಟಿನೊಳಗೆ ತುರುಕಲಾಗಿತ್ತು.

ಮುಂದಿನ ಸವಾರಿಯಲ್ಲಿ ಅಲಾರಮ್ಮಿನ ಕೆಲಸ ಮಾಡಿದವರು ಊರಿನಿಂದ ಬಂದಿದ್ದ ನಮ್ಮ ಮಾವನವರು. "ನೀರೆತ್ತದೆ ಓಡಿದ ಪಂಪ್‌ಸೆಟ್ಟಿನ ಹಾಗೆ ರಬ್ಬರ್ ಸುಟ್ಟ ವಾಸನೆ ಬರುತ್ತಿದೆ, ಮೊದಲು ಆಫ್ ಮಾಡಿ" ಎಂದರು. ಆಫ್ ಮಾಡಿ ಲಂಗರು ಇಳಿಸುವಷ್ಟರಲ್ಲಿ ಮುಚ್ಚಳದ ಸಂದುಗಳಿಂದ ಹಬೆ ಏಳುತ್ತಿತ್ತು. ಆಗಲೂ ಮುಳ್ಳು ಕೆಂಪು ಗೆರೆಯ ಹತ್ತಿರ ಸುಳಿದಿರಲಿಲ್ಲ. ಇನ್ನೊಂದು ದೋಣಿಗೆ ಕಟ್ಟಿಸಿಕೊಂಡು ದಡ ಸೇರಿದೆವು.

ಬೇರೆ ಕಡೆಯ ಮೆಕ್ಯಾನಿಕ್ ಒಬ್ಬರು ಮಾಡಿದ ತಪಾಸಣೆಯನ್ನು ಪಕ್ಕದಲ್ಲೇ ನಿಂತು ನೋಡಿದೆ. ಅವರು ಮೊದಲು ಆವಿಯನ್ನು ಹೊರಹಾಕುವ ಫ್ಯಾನ್ ಆದ ಬ್ಲೋವರ್ ಹಾಕಿ, ಎಂಜಿನ್ ಕೋಣೆಯಲ್ಲಿ ಪೆಟ್ರೋಲ್ ಆವಿ ಇಲ್ಲವೆಂದು ಖಚಿತಪಡಿಸಿಕೊಂಡ ಬಳಿಕವೇ ತಂತಿಗಳಿಗೆ ಕೈ ಹಾಕಿದರು. ಆವಿ ತುಂಬಿದ ಕೋಣೆಯಲ್ಲಿ ಒಂದು ಕಿಡಿ ಸಾಕು. ಕತ್ತರಿಸಿದ ತಂತಿಯನ್ನು ಜೋಡಿಸಿ, ಡ್ರೈವಿಗೆ ಹೋಸಿನಿಂದ ನೀರು ಕೊಟ್ಟು ಓಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಅಲಾರಂ ಕೂಗಿತು. ತಾಪಮಾನದ ಸ್ವಿಚ್ಚಿನ ತಂತಿಯೊಂದನ್ನೇ ಕಳಚಿದಾಗ ಸುಮ್ಮನಾಯಿತು, ಅಲ್ಲಿಗೆ ಆಯಿಲ್ ಮತ್ತು ಡ್ರೈವ್ ಎರಡೂ ಅನುಮಾನದ ಪಟ್ಟಿಯಿಂದ ಹೊರಬಿದ್ದವು. ಕೂಡಲೇ ತಂತಿಯನ್ನು ಮರಳಿ ಸಿಕ್ಕಿಸಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ಬಿಸಿಗೆ ತಕ್ಕಂತೆ ನೀರಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟಿನ ಕವಚದತ್ತ ಹಿಡಿದಾಗ 205 ಡಿಗ್ರಿ ತೋರಿಸಿತು. ಇಂಥ ಸ್ವಿಚ್ಚುಗಳು ಸಾಮಾನ್ಯವಾಗಿ 190ರಿಂದ 200 ಡಿಗ್ರಿಯೊಳಗೆ ಅರ್ಥ್ ಆಗಿ ಅಲಾರಂ ಕೂಗಿಸುತ್ತವೆ. ಅಂದರೆ ಅಲಾರಂ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು, ತಪ್ಪು ಹೇಳುತ್ತಿದ್ದುದು ಮೀಟರ್.

ಮೀಟರಿಗೆ ಮಾಹಿತಿ ಕೊಡುವ ಸೆಂಡರ್ ಬೇರೆ, ಅಲಾರಂ ಸ್ವಿಚ್ ಬೇರೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಬಿಸಿ ಏರಿದಂತೆ ಸೆಂಡರಿನ ವಿದ್ಯುತ್ ರೋಧ ಇಳಿಯುತ್ತದೆ. ಅದರ ತುದಿಗೆ ಹಸಿರು ಕಿಲುಬು ಹಿಡಿದು ರೋಧ ಹೆಚ್ಚಾದರೆ ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ತಂಪಾಗಿಯೇ ಇದೆಯೆಂದು ತೋರಿಸುತ್ತದೆ. ನಮ್ಮದರಲ್ಲಿ ಆಗಿದ್ದು ಇದೇ.

ಮೂಲ ಕಾರಣ ಡ್ರೈವಿನೊಳಗಿನ ನೀರಿನ ಪಂಪಿನಲ್ಲಿತ್ತು. ಡ್ರೈವಿನ ಕೆಳಭಾಗ ಬಿಚ್ಚಿದಾಗ ನೀರನ್ನು ತಳ್ಳುವ ರೆಕ್ಕೆಚಕ್ರದ, ಅಂದರೆ ರಬ್ಬರ್ ಇಂಪೆಲ್ಲರಿನ, ಮೂರು ರೆಕ್ಕೆಗಳು ಬುಡದಲ್ಲೇ ಮುರಿದಿದ್ದವು, ಉಳಿದವು ಒಂದೇ ಕಡೆಗೆ ಬಾಗಿ ಗಟ್ಟಿಯಾಗಿದ್ದವು. ನಿಧಾನ ವೇಗಕ್ಕೆ ಸಾಲುವಷ್ಟು ನೀರನ್ನು ಅದು ಇನ್ನೂ ಎತ್ತುತ್ತಿತ್ತು, ವೇಗ ಹೆಚ್ಚಿದಾಗ ಬೇಕಾದಷ್ಟನ್ನು ಎತ್ತಲಾರದಾಗಿತ್ತು. ದೋಣಿಯ ಹೊರಗೆ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ನಿನಲ್ಲಾದರೆ ಪಕ್ಕದಿಂದ ಚಿಮ್ಮುವ ನೀರಿನ ಎಳೆ ಸಣ್ಣಗಾದಾಗಲೇ ಇದು ಗೊತ್ತಾಗುತ್ತದೆ, ನಮ್ಮಂಥ ಸ್ಟರ್ನ್‌ಡ್ರೈವಿನಲ್ಲಿ ಆ ಸೌಲಭ್ಯವಿಲ್ಲ. ಮುರಿದ ತುಂಡುಗಳಲ್ಲಿ ಎರಡು, ಥರ್ಮೋಸ್ಟಾಟಿಗೆ ಹೋಗುವ ದಾರಿಯಲ್ಲಿರುವ ಪವರ್ ಸ್ಟೀರಿಂಗ್ ಕೂಲರಿನ ಬಾಯಲ್ಲೇ ಸಿಕ್ಕವು. ಮೂರನೆಯದು ಸಿಗುವವರೆಗೂ ಅವರು ಹೋಸುಗಳನ್ನು ಒಂದೊಂದಾಗಿ ಬಿಚ್ಚುತ್ತಲೇ ಹೋದರು, ಏಕೆಂದರೆ ಹೊಸ ಇಂಪೆಲ್ಲರ್ ಹಾಕಿ ಹಳೆಯ ತುಂಡನ್ನು ಒಳಗೇ ಬಿಟ್ಟರೆ ಮತ್ತೆ ಅದೇ ಗೋಳು.

ಮೊದಲ ವರ್ಕ್‌ಶಾಪಿನವರು ಇದನ್ನು ಏಕೆ ನೋಡಲಿಲ್ಲ ಎಂಬುದಕ್ಕೆ ನನ್ನ ಊಹೆ ಇಷ್ಟೇ: ಸ್ವಿಚ್ ಬದಲಿಸುವುದು ಕೆಲವು ನಿಮಿಷಗಳ ಕೆಲಸ, ಡ್ರೈವ್ ಬಿಚ್ಚುವುದು ಮೈ ಮುರಿಯುವ ಕೆಲಸ. ಆದ್ದರಿಂದ ಅಲಾರಂ ದುರಸ್ತಿಗೆ ಕೊಟ್ಟರೆ, ಇಂಪೆಲ್ಲರ್ ನೋಡಿದಿರಾ, ನಿಜವಾದ ತಾಪಮಾನ ಅಳೆದಿರಾ, ಎಷ್ಟು ಬಂತು ಎಂದು ಕೇಳಿ ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ದೋಣಿ ಪಡೆಯುವಾಗ ಅವರೆದುರೇ ಕೀ ತಿರುಗಿಸಿ ಅಲಾರಂ ಕೇಳಿಸಿಕೊಳ್ಳಿ. ಹಳೆಯ ದೋಣಿ ಕೊಳ್ಳುವವರಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಕಂಪ್ಯೂಟರ್ ಇರುವ ಹೊಸ ಎಂಜಿನ್ನುಗಳಲ್ಲಿ ಬೀಪ್‌ಗಳ ಕ್ರಮ ಬೇರೆಯಾಗಿರುವುದರಿಂದ ಅವುಗಳ ಕೈಪಿಡಿಯನ್ನೇ ನೋಡಬೇಕು.

ಎಕ್ಸಾಸ್ಟಿನ ರಬ್ಬರ್ ಹೋಸುಗಳು ಸುಟ್ಟು ಮೆತ್ತಗಾಗಿದ್ದರಿಂದ ಅವನ್ನೂ ಬದಲಿಸಬೇಕಾಯಿತು. ಕತ್ತರಿಸಿದ ತಂತಿಯ ಫೋಟೊಗಳೊಂದಿಗೆ ಮೊದಲ ವರ್ಕ್‌ಶಾಪಿಗೆ ಹೋದಾಗ ಅವರು ಸ್ವಿಚ್ಚಿನ ಹಣವನ್ನಷ್ಟೇ ಮರಳಿಸಿದರು, ಹೋಸುಗಳ ಖರ್ಚಿಗೆ ತಾವು ಹೊಣೆಯಲ್ಲವೆಂದರು. ಆ ಖರ್ಚಿಗಾಗಿ ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.