ಕರ್ಣನಿಗೆ ಯಾವ ಸೈಕಾಲಜಿ, ಹ್ಯಾಮ್ಲೆಟ್‌ಗೆ ಯಾವುದು? ಕ್ಲಾಸಿನಲ್ಲಿ ಬಳಸಿ ನೋಡಿದ ಆರು ದಾರಿಗಳು

ಕಥೆಯ ಪಾತ್ರಗಳನ್ನು ಸೈಕಾಲಜಿ ಇಟ್ಟುಕೊಂಡು ನೋಡೋಣ ಅಂತ ಸಾಹಿತ್ಯದ ಮೇಷ್ಟ್ರುಗಳು ಸುಲಭವಾಗಿ ಹೇಳಿಬಿಡುತ್ತೇವೆ. ಯಾವ ಸೈಕಾಲಜಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ಹೇಳುವುದೇ ಒಂದು, ಪರ್ಸನಾಲಿಟಿ ಟೆಸ್ಟ್ ಹೇಳುವುದೇ ಒಂದು, ಡಾಕ್ಟರುಗಳ ಕೈಪಿಡಿ ಹೇಳುವುದು ಮತ್ತೊಂದು. ನಾನು ಇಂಥ ಆರು ದಾರಿಗಳನ್ನು ಕ್ಲಾಸಿನಲ್ಲಿ ಬಳಸಿ ನೋಡಿದ್ದೇನೆ. ಹೋಲಿಕೆ ಸರಿಯಾಗಿರಲಿ ಅಂತ ಪಾತ್ರಗಳನ್ನು ಬದಲಾಯಿಸಲಿಲ್ಲ. ಒಬ್ಬ ಮಹಾಭಾರತದ ಕರ್ಣ, ಇನ್ನೊಬ್ಬ ಶೇಕ್ಸ್‌ಪಿಯರ್ ನಾಟಕದ ಹ್ಯಾಮ್ಲೆಟ್, ಅಪ್ಪನನ್ನು ಕೊಂದ ಚಿಕ್ಕಪ್ಪನ ಮೇಲೆ ಸೇಡು ತೀರಿಸಲು ತಡಮಾಡುವ ಡೆನ್ಮಾರ್ಕಿನ ರಾಜಕುಮಾರ. ಇಬ್ಬರ ಬಗ್ಗೆಯೂ ಹುಡುಗರ ತಲೆಯಲ್ಲಿ ಮೊದಲೇ ಒಂದು ತೀರ್ಪು ಕೂತಿರುತ್ತದೆ. ಕರ್ಣ ಪಾಪದವನು, ಹ್ಯಾಮ್ಲೆಟ್ ಕೈಲಾಗದವನು.

ನಾನು ಅಳೆದದ್ದು ಒಂದೇ ವಿಷಯ. ಚರ್ಚೆ ಶುರುವಾದ ಮೇಲೆ ಹುಡುಗರು ಪುಸ್ತಕ ತೆರೆದರಾ, ಮುಚ್ಚಿದರಾ? ಕ್ಲಾಸಿನಲ್ಲಿ ಗಲಾಟೆ ಆಯಿತು, ಎಲ್ಲರೂ ಮಾತಾಡಿದರು ಅನ್ನುವುದನ್ನು ನಾನು ಗೆಲುವು ಅಂತ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪುಸ್ತಕವಿಲ್ಲದೆಯೂ ಜನ ಗಂಟೆಗಟ್ಟಲೆ ಮಾತಾಡಬಲ್ಲರು, ಅಲ್ವಾ?

ಗಲಾಟೆಯ ವಿಷಯಕ್ಕೆ ಬಂದರೆ ಎಂಬಿಟಿಐಯನ್ನು ಮೀರಿಸುವುದು ಯಾವುದೂ ಇಲ್ಲ. ಎಲ್ಲರನ್ನೂ 16 ಮಾದರಿಗಳಲ್ಲಿ ಒಂದಕ್ಕೆ ಸೇರಿಸುವ ನಾಲ್ಕಕ್ಷರದ ಪರೀಕ್ಷೆ ಅದು. ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್ ಅನ್ನುವ ತಾಯಿ ಮಗಳು, ಸ್ವಿಸ್ ಮನೋವೈದ್ಯ ಯೂಂಗ್ 1921ರಲ್ಲಿ ಬರೆದ ಪುಸ್ತಕದ ಆಧಾರದ ಮೇಲೆ ಅದನ್ನು ಕಟ್ಟಿದರು. ಇಬ್ಬರೂ ಸೈಕಾಲಜಿ ಓದಿದವರಲ್ಲ. ಹುಡುಗರಿಗೆ ಇದು ಮೊದಲೇ ಗೊತ್ತಿರುತ್ತದೆ, ತಮ್ಮ ನಾಲ್ಕಕ್ಷರವೂ ಬಾಯಿಪಾಠ. ಕರ್ಣನಿಗೂ ಹತ್ತು ನಿಮಿಷದಲ್ಲಿ ನಾಲ್ಕಕ್ಷರ ಸಿಗುತ್ತದೆ. ಸಿಕ್ಕಿದ ಮೇಲೆ ಮಾತು ಮುಗಿಯಿತು. ಪುಸ್ತಕ ತೆರೆಯುವ ಪ್ರಶ್ನೆಯೇ ಬರುವುದಿಲ್ಲ, ಯಾಕೆಂದರೆ ಉತ್ತರ ಆಗಲೇ ಸಿಕ್ಕಿದೆ.

ಈ ದಾರಿಯಿಂದ ನನಗೆ ಸಿಕ್ಕ ಲಾಭ ಬೇರೆಯೇ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನುವ ಮನಃಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟ. ಆಮೇಲೆ ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವರದಿ ಹಂಚಿದ. ನಿಜವಾಗಿ ಎಲ್ಲರ ಕೈಗೂ ಹೋದದ್ದು ಒಂದೇ ವರದಿ. 'ಇದು ನಿಮಗೆ ಎಷ್ಟು ಹೊಂದುತ್ತದೆ' ಅಂತ ಕೇಳಿದಾಗ ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 4.26. ನಾನೂ ಅಂಥದ್ದೇ ಒಂದು ಪ್ಯಾರಾ ಬರೆದು ಒಂದು ಕ್ಲಾಸಿನಲ್ಲಿ ಕರ್ಣನ ಸ್ವಭಾವ ಅಂತಲೂ, ಇನ್ನೊಂದರಲ್ಲಿ ದುರ್ಯೋಧನನ ಸ್ವಭಾವ ಅಂತಲೂ ಓದಿದೆ. ಎರಡೂ ಕಡೆ ತಲೆಗಳು ಆಡಿದವು. ಎಂಬಿಟಿಐ ಮೇಲೆ ಭಾಷಣ ಬಿಗಿಯುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡಿತು.

ಬಿಗ್ ಫೈವ್ ಇದರ ಹತ್ತಿರದ ನೆಂಟನಂತೆ ಕಾಣುತ್ತದೆ, ಆದರೆ ಗುಣ ಬೇರೆ. ಹೊಸತನ್ನು ಬಯಸುವುದು, ಶಿಸ್ತು, ಜನರೊಂದಿಗೆ ಬೆರೆಯುವುದು, ಹೊಂದಿಕೊಳ್ಳುವುದು, ಮನಸ್ಸಿನ ಕಳವಳ ಅನ್ನುವ ಐದು ಅಳತೆಗೋಲುಗಳು. ಇಲ್ಲಿ ಡಬ್ಬಿಗಳಿಲ್ಲ, ಜಾಸ್ತಿ ಕಡಿಮೆ ಅಷ್ಟೇ. ಹಾಗಾಗಿ ಜಗಳಕ್ಕೆ ಜಾಗ ಇದೆ. ಹ್ಯಾಮ್ಲೆಟ್‌ಗೆ ಶಿಸ್ತಿನಲ್ಲಿ ಎಷ್ಟು ಅಂಕ ಅಂತ ಕೇಳಿದರೆ ಹೆಚ್ಚಿನವರು ತೀರಾ ಕಡಿಮೆ ಕೊಡುತ್ತಾರೆ. ಕೆಲಸ ಮುಂದೂಡುವವನು ತಾನೇ! ಅಷ್ಟರಲ್ಲಿ ಒಬ್ಬಳು ಎದ್ದು, 'ಚಿಕ್ಕಪ್ಪನೇ ಕೊಂದ ಅಂತ ಅಪ್ಪನ ದೆವ್ವ ಹೇಳಿದ್ದು ನಿಜವಾ ಅಂತ ನೋಡೋಕೆ ಅರಮನೆಯಲ್ಲಿ ನಾಟಕ ಆಡಿಸಿ ರಾಜನಾದ ಚಿಕ್ಕಪ್ಪನ ಮುಖ ಗಮನಿಸಿದವನು ಅಶಿಸ್ತಿನವನು ಹೇಗಾಗುತ್ತಾನೆ' ಅಂದಳು. ಪುಟಗಳು ತಿರುಗಿದವು. ಇಬ್ಬರು ಪಾತ್ರಗಳನ್ನು ಅಕ್ಕಪಕ್ಕ ಇಡಬೇಕಾದಾಗ ಬಿಗ್ ಫೈವ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಅದು ವರ್ಣನೆಯಲ್ಲೇ ನಿಲ್ಲುತ್ತದೆ. ಹೀಗಿದ್ದಾನೆ ಅನ್ನುತ್ತದೆ, ಯಾಕೆ ಅನ್ನುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಅಪ್ಪ ಸತ್ತು, ಅಮ್ಮ ಚಿಕ್ಕಪ್ಪನನ್ನೇ ಮದುವೆಯಾಗಿ, ಕೋಟೆಯಲ್ಲಿ ದೆವ್ವ ಓಡಾಡುವ ದಿನಗಳಲ್ಲಿ ಮಾತ್ರ ನಾವು ಹ್ಯಾಮ್ಲೆಟ್‌ನನ್ನು ನೋಡುತ್ತೇವೆ. ಆಗಿನ ಕಳವಳವನ್ನು ಅವನ ಹುಟ್ಟುಗುಣ ಅನ್ನಬಹುದಾ?

ಮೂರನೆಯದು ಕಾಯಿಲೆಯ ಹೆಸರಿಡುವ ದಾರಿ. ಅಮೆರಿಕದ ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂ ಮೊದಲು ಬಂದದ್ದು 1952ರಲ್ಲಿ, ಐದನೆಯ ಆವೃತ್ತಿ 2013ರಲ್ಲಿ. ನನಗೆ ಈ ದಾರಿ ಇಷ್ಟವಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಕಥೆಯಲ್ಲಿರುವವನನ್ನು ರೋಗಿ ಅಂದ ಕೂಡಲೇ ಅವನ ಮಾತೆಲ್ಲ ಲಕ್ಷಣಗಳ ಪಟ್ಟಿಯಾಗುತ್ತದೆ. ಅವನು ಹೇಳುತ್ತಿರುವುದು ಸರಿಯಾ ತಪ್ಪಾ ಅಂತ ಯಾರೂ ಯೋಚಿಸುವುದಿಲ್ಲ. ಡೆನ್ಮಾರ್ಕಿನ ಅರಮನೆ ನಿಜವಾಗಿಯೂ ಕೊಳೆತಿದೆ. ಅದನ್ನು ಕಂಡವನಿಗೆ ಡಿಪ್ರೆಶನ್ ಅಂತ ಹೆಸರಿಟ್ಟರೆ ಅರಮನೆಗೆ ಕ್ಲೀನ್ ಚಿಟ್ ಕೊಟ್ಟಂತೆ.

ಆದರೂ ಇದರಲ್ಲಿ ಒಂದು ಸಲ ಒಳ್ಳೆಯ ಕ್ಲಾಸು ನಡೆಯಿತು. ಡಿಎಸ್‌ಎಂ ಪ್ರಕಾರ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು, ಎರಡು ವಾರ ಇದ್ದರೆ ಅದು ತೀವ್ರ ಖಿನ್ನತೆ. 1994ರ ನಾಲ್ಕನೆಯ ಆವೃತ್ತಿಯಲ್ಲಿ ಒಂದು ವಿನಾಯಿತಿ ಇತ್ತು. ಹತ್ತಿರದವರು ಸತ್ತು ಎರಡು ತಿಂಗಳೊಳಗೆ ಕಾಣುವ ದುಃಖವನ್ನು ಸಾಮಾನ್ಯವಾಗಿ ಖಿನ್ನತೆ ಅನ್ನಬಾರದು. ಸಾಯುವ ಯೋಚನೆಯಂಥ ಕೆಲವು ಗಂಭೀರ ಲಕ್ಷಣಗಳಿದ್ದರೆ ಮಾತ್ರ ಅನ್ನಬಹುದು. ಐದನೆಯ ಆವೃತ್ತಿ ಆ ವಿನಾಯಿತಿಯನ್ನೇ ಕಿತ್ತುಹಾಕಿತು. ಹ್ಯಾಮ್ಲೆಟ್ ತನ್ನ ಮೊದಲ ಸ್ವಗತದಲ್ಲಿ ಅಪ್ಪ ಸತ್ತು ಇನ್ನೂ ಎರಡು ತಿಂಗಳೂ ಆಗಿಲ್ಲ ಅನ್ನುತ್ತಾನೆ. ಅದೇ ಸ್ವಗತದಲ್ಲಿ ಆತ್ಮಹತ್ಯೆಗೆ ದೇವರ ನಿಷೇಧ ಇಲ್ಲದಿದ್ದರೆ ಅಂತಲೂ ಹಲುಬುತ್ತಾನೆ. ಹಾಗಾದರೆ 1994ರ ಹ್ಯಾಮ್ಲೆಟ್ ರೋಗಿಯಾ? ಕ್ಲಾಸು ಎರಡು ಪಾಲಾಯಿತು, ಎಲ್ಲರೂ ಆ ಸ್ವಗತವನ್ನು ಸಾಲು ಸಾಲಾಗಿ ಓದಿದರು. ಕಾಯಿಲೆಯ ಹೆಸರು ನಾಟಕದಲ್ಲಿಲ್ಲ, ಕೈಯಲ್ಲಿರುವ ಕೈಪಿಡಿಯಲ್ಲಿದೆ ಅನ್ನುವುದು ಅವರಿಗೇ ಹೊಳೆಯಿತು.

ಇದನ್ನು ಬಳಸುವವರಿಗೆ ಒಂದು ಮಾತು. 1964ರಲ್ಲಿ ಒಂದು ಅಮೆರಿಕನ್ ಪತ್ರಿಕೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಬಗ್ಗೆ ಮನೋವೈದ್ಯರ ಅಭಿಪ್ರಾಯ ಕೇಳಿತು. 1,189 ಜನ ಅವರು ಅಧ್ಯಕ್ಷರಾಗಲು ಯೋಗ್ಯರಲ್ಲ ಅಂದರು. ಒಬ್ಬರೂ ಅವರನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿದವರಲ್ಲ. ಗೋಲ್ಡ್‌ವಾಟರ್ ಕೋರ್ಟಿಗೆ ಹೋಗಿ ಗೆದ್ದರು. ಪರೀಕ್ಷಿಸದವರ ಬಗ್ಗೆ ಅಭಿಪ್ರಾಯ ಕೊಡಬಾರದು ಅಂತ ಅಲ್ಲಿನ ಮನೋವೈದ್ಯರ ಸಂಘ 1973ರಲ್ಲಿ ನಿಯಮ ಮಾಡಿತು. ಹ್ಯಾಮ್ಲೆಟ್ ಕೋರ್ಟಿಗೆ ಹೋಗುವುದಿಲ್ಲ, ಸರಿ. ಆದರೆ ಕ್ಲಾಸಿನಲ್ಲಿ ಕಲಿತ ಅಭ್ಯಾಸ ಬೆಂಚಿನ ಪಕ್ಕದವನ ಮೇಲೆ ಪ್ರಯೋಗವಾಗುವುದಕ್ಕೆ ಒಂದು ದಿನ ಸಾಕು. 'ಅವಳು ಬೈಪೋಲಾರ್ ಸಾರ್' ಅನ್ನುವ ಮಾತು ಕೇಳಿದ ಮೇಲೆ ಚಿಕ್ಕ ಕ್ಲಾಸುಗಳಿಗೆ ಈ ದಾರಿಯನ್ನು ನಾನು ಒಯ್ಯುವುದೇ ಇಲ್ಲ.

ಫ್ರಾಯ್ಡ್‌ನನ್ನು ಎರಡು ತುಂಡು ಮಾಡಿ ನೋಡಬೇಕು. ಒಂದು ತುಂಡು ಈಡಿಪಸ್, ಅಂದರೆ ಗಂಡುಮಗುವಿಗೆ ಅಮ್ಮನ ಮೇಲೆ ಆಸೆ, ಅಪ್ಪನ ಜೊತೆ ಪೈಪೋಟಿ ಇರುತ್ತದೆ ಅನ್ನುವ ವಿಚಾರ. ಚಿಕ್ಕಪ್ಪ ಮಾಡಿದ್ದನ್ನೇ ಹ್ಯಾಮ್ಲೆಟ್ ಬಾಲ್ಯದಲ್ಲಿ ಒಳಗೊಳಗೇ ಬಯಸಿದ್ದ, ಅದಕ್ಕೇ ಅವನನ್ನು ಕೊಲ್ಲಲು ಕೈ ಏಳುವುದಿಲ್ಲ ಅನ್ನುವ ವಾದ. ಫ್ರಾಯ್ಡ್ ಶಿಷ್ಯ ಅರ್ನೆಸ್ಟ್ ಜೋನ್ಸ್ 1910ರಲ್ಲಿ ಇದನ್ನು ಬೆಳೆಸಿ ದೊಡ್ಡ ಲೇಖನ ಬರೆದರು, 1949ರಲ್ಲಿ ಅದು ಪುಸ್ತಕವೂ ಆಯಿತು. ಕೇಳಲು ಮಜವಾಗಿದೆ. ಆದರೆ ಹ್ಯಾಮ್ಲೆಟ್‌ನ ಬಾಲ್ಯ ನಾಟಕದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇಲ್ಲದ ಪುಟವನ್ನು ಹುಡುಗರು ಹೇಗೆ ತೆರೆಯಬೇಕು?

ಇನ್ನೊಂದು ತುಂಡು ಮನಸ್ಸಿನ ರಕ್ಷಣಾ ತಂತ್ರಗಳು, ಅಂದರೆ ಡಿಫೆನ್ಸ್ ಮೆಕ್ಯಾನಿಸಂ. ಮಗಳು ಅನಾ ಫ್ರಾಯ್ಡ್ 1936ರಲ್ಲಿ ಇವುಗಳನ್ನು ಒಂದು ಪುಸ್ತಕದಲ್ಲಿ ಓರಣವಾಗಿ ಜೋಡಿಸಿದರು. ಒಬ್ಬರ ಮೇಲಿನ ಸಿಟ್ಟನ್ನು ಇನ್ನೊಬ್ಬರ ಮೇಲೆ ತೀರಿಸುವುದು, ಆದದ್ದನ್ನು ಆಗಿಲ್ಲ ಅನ್ನುವುದು, ನೆಪ ಹುಡುಕುವುದು ಇಂಥವೆಲ್ಲ. ಇದು ಕ್ಲಾಸಿಗೆ ಹೇಳಿ ಮಾಡಿಸಿದ್ದು. ಚಿಕ್ಕಪ್ಪ ಕ್ಲಾಡಿಯಸ್ ಒಬ್ಬನೇ ಪ್ರಾರ್ಥನೆಗೆ ಕೂತಿದ್ದಾನೆ, ಹ್ಯಾಮ್ಲೆಟ್ ಕೈಯಲ್ಲಿ ಕತ್ತಿ ಇದೆ. ಪ್ರಾರ್ಥನೆಯಲ್ಲಿದ್ದವನನ್ನು ಕೊಂದರೆ ಅವನು ಸ್ವರ್ಗಕ್ಕೆ ಹೋಗುತ್ತಾನೆ, ಬೇಡ ಅಂತ ಹೊರಟುಬಿಡುತ್ತಾನೆ. ಇದು ನೆಪವಾ, ನಂಬಿಕೆಯಾ? ನೆಪ ಅನ್ನುವವರು ಇಡೀ ನಾಟಕದಲ್ಲಿ ಅವನು ಮುಂದೂಡಿದ್ದನ್ನೆಲ್ಲ ಹೆಕ್ಕಿ ತರುತ್ತಾರೆ. ನಂಬಿಕೆ ಅನ್ನುವವರು, ಅಪ್ಪನ ದೆವ್ವ ಪಶ್ಚಾತ್ತಾಪಕ್ಕೆ ಅವಕಾಶ ಸಿಗದೆ ಸತ್ತೆ ಅಂತ ಗೋಳಾಡಿದ ಮಾತನ್ನು ತೋರಿಸುತ್ತಾರೆ. ಮುಂದಿನ ದೃಶ್ಯದಲ್ಲೇ ಅವನು ಪರದೆಯ ಹಿಂದಿದ್ದ ರಾಜನ ಮಂತ್ರಿ ಪೊಲೋನಿಯಸ್‌ಗೆ ಯೋಚನೆಯೇ ಇಲ್ಲದೆ ಇರಿಯುತ್ತಾನೆ. ಎರಡು ಕಡೆಯವರಿಗೂ ಅದು ಸಾಕ್ಷಿ!

ಕರ್ಣನ ವಿಷಯದಲ್ಲಿ ಈ ದಾರಿ ಒಂದು ತೊಡಕು ತಂದಿತು. ಸಭೆಯಲ್ಲಿ ದ್ರೌಪದಿಯನ್ನು ಅವನು ಅಷ್ಟು ಕೆಟ್ಟದಾಗಿ ಮಾತಾಡಿದ್ದು ಯಾರ ಮೇಲಿನ ಸಿಟ್ಟಿಗೆ? ಸ್ವಯಂವರದಲ್ಲಿ ಸೂತಪುತ್ರ ಅಂತ ಅವಳು ತಿರಸ್ಕರಿಸಿದ್ದಳಲ್ಲ ಅಂತ ಇಡೀ ಕ್ಲಾಸು ಒಟ್ಟಿಗೆ ಹೇಳುತ್ತದೆ. ಆ ತಿರಸ್ಕಾರದ ಮಾತು ಮಹಾಭಾರತದ ಎಲ್ಲ ಹಸ್ತಪ್ರತಿಗಳಲ್ಲೂ ಇಲ್ಲ. ಪುಣೆಯ ಭಂಡಾರ್ಕರ್ ಸಂಸ್ಥೆ ಹಸ್ತಪ್ರತಿಗಳನ್ನು ಹೋಲಿಸಿ ತಂದ ಪರಿಷ್ಕೃತ ಆವೃತ್ತಿ ಅದನ್ನು ಮೂಲಪಾಠದಿಂದ ಹೊರಗಿಟ್ಟಿದೆ. ಅಂದರೆ ಕೈಯಲ್ಲಿರುವ ಮಹಾಭಾರತ ಬದಲಾದರೆ ಕರ್ಣನ ಸಿಟ್ಟಿನ ಕಾರಣವೇ ಹೋಗುತ್ತದೆ. ಎಷ್ಟೋ ದಿನ ಪಾಠಾಂತರದ, ಅಂದರೆ ಪ್ರತಿಯಿಂದ ಪ್ರತಿಗೆ ಬದಲಾಗುವ ಮಾತುಗಳ ಬಗ್ಗೆ ಹೇಳಿದರೂ ಕಿವಿಗೆ ಹಾಕಿಕೊಳ್ಳದವರು ಅವತ್ತು ಕೇಳಿದರು.

ಬಾಲ್ಯದ ನಂಟನ್ನು ನೋಡುವ ಅಟ್ಯಾಚ್‌ಮೆಂಟ್ ಥಿಯರಿ, ಅಂದರೆ ಜಾನ್ ಬೌಲ್ಬಿ ಮತ್ತು ಮೇರಿ ಐನ್ಸ್‌ವರ್ತ್ ಕಟ್ಟಿದ್ದು, ಹ್ಯಾಮ್ಲೆಟ್‌ಗೆ ಏನೂ ಕೊಡಲಿಲ್ಲ. ಕರ್ಣನಿಗೆ ಕೊಟ್ಟಿತು, ಅದೂ ತಿರುವುಮುರುವಾಗಿ. ಹೆತ್ತವಳು ನದಿಗೆ ಬಿಟ್ಟಳು, ಆದ್ದರಿಂದ ಅವನಿಗೆ ಜೀವನವಿಡೀ ಅಭದ್ರತೆ ಅಂತ ಎಲ್ಲರೂ ಬರೆದರು. ಉದ್ಯೋಗಪರ್ವದಲ್ಲಿ ಕರ್ಣ ಕೃಷ್ಣನಿಗೆ ಹೇಳುವುದನ್ನು ಓದಿ ಅಂದೆ. ನನ್ನನ್ನು ಕಂಡ ಪ್ರೀತಿಗೇ ರಾಧೆಯ ಎದೆಯಲ್ಲಿ ಹಾಲು ಇಳಿಯಿತು, ಅವಳನ್ನೂ ಅಧಿರಥನನ್ನೂ ಹೇಗೆ ಬಿಡಲಿ ಅನ್ನುತ್ತಾನೆ. ಮಗುವಿಗೆ ನಂಟು ಬೆಳೆಯುವುದು ಸಾಕಿದವರ ಜೊತೆ ಅಂತ ಆ ಥಿಯರಿಯೇ ಹೇಳುತ್ತದೆ. ಹಾಗೆ ನೋಡಿದರೆ ಕರ್ಣನದು ಗಟ್ಟಿಯಾದ ಬಾಲ್ಯ. ಅವನನ್ನು ಚುಚ್ಚಿದ್ದು ಮನೆ ಅಲ್ಲ, ಮನೆಯ ಹೊರಗಿನ ಲೋಕ.

ಇಷ್ಟರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆರನೆಯದು, ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಮಂಡಿಸಿದ ಕಾಗ್ನಿಟಿವ್ ಡಿಸೊನೆನ್ಸ್. ನಂಬುವುದೊಂದು, ಮಾಡಿದ್ದೊಂದು ಆದಾಗ ಮನಸ್ಸಿಗೆ ಇರಿಸುಮುರಿಸು. ಆ ಇರಿಸುಮುರಿಸು ತಾಳಲಾರದೆ ನಾವು ಹೆಚ್ಚಾಗಿ ನಂಬಿಕೆಯನ್ನೇ ಬಗ್ಗಿಸಿಕೊಂಡು ಮಾಡಿದ್ದೇ ಸರಿ ಅನ್ನುತ್ತೇವೆ. ಇದಕ್ಕೆ ಬಾಲ್ಯ ಬೇಡ, ರೋಗ ಬೇಡ, ಹೆಚ್ಚಿನ ಪರಿಭಾಷೆಯೂ ಬೇಡ. ಪಾತ್ರ ಒಂದು ತಪ್ಪು ಮಾಡಿದ ಮೇಲೆ ತನಗೆ ತಾನೇ ಏನು ಹೇಳಿಕೊಳ್ಳುತ್ತದೆ ಅಂತ ಹುಡುಕಬೇಕು, ಅಷ್ಟೇ. ಅದು ಯಾವಾಗಲೂ ಪುಟದ ಮೇಲೇ ಇರುತ್ತದೆ.

ಹ್ಯಾಮ್ಲೆಟ್ ಪೊಲೋನಿಯಸ್‌ನನ್ನು ಕೊಂದ ಮೇಲೆ ಪಶ್ಚಾತ್ತಾಪದ ಒಂದು ಮಾತು ಹೇಳುತ್ತಾನೆ, ಅದರ ಬೆನ್ನಿಗೇ ದೈವ ನನ್ನನ್ನು ಶಿಕ್ಷೆಯ ಚಾಟಿ ಮಾಡಿದೆ ಅನ್ನುತ್ತಾನೆ. ಹಳೆಯ ಗೆಳೆಯರಿಬ್ಬರನ್ನು ಸಾವಿಗೆ ಕಳಿಸಿದ ಮೇಲೆ ಅವರು ನನ್ನ ಆತ್ಮಸಾಕ್ಷಿಯ ಹತ್ತಿರವೂ ಇಲ್ಲ ಅನ್ನುತ್ತಾನೆ. ಫೆಸ್ಟಿಂಗರ್ ಹೇಳಿದಂತೆಯೇ! ಕರ್ಣ ಹಾಗಲ್ಲ. ತಾನು ಪಾಂಡವರ ಅಣ್ಣ ಅಂತ ಗೊತ್ತಾಗಿದೆ. ಸೋಲು ಖಚಿತ ಅಂತಲೂ ಗೊತ್ತು. ದುರ್ಯೋಧನನ ಪಕ್ಷ ಬಿಡುವುದಿಲ್ಲ. ಇಂಥವನು ದುರ್ಯೋಧನನದೇ ನ್ಯಾಯ ಅಂತ ತನ್ನನ್ನು ನಂಬಿಸಿಕೊಳ್ಳಬೇಕಿತ್ತು. ಅವನು ನಂಬಿಸಿಕೊಳ್ಳುವುದಿಲ್ಲ. ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಕಟುವಾಗಿ ಮಾತಾಡಿದೆ, ಅದಕ್ಕೆ ಈಗ ಬೇಯುತ್ತಿದ್ದೇನೆ ಅಂತ ಕೃಷ್ಣನ ಹತ್ತಿರ ಹೇಳಿಕೊಂಡು ಯುದ್ಧಕ್ಕೇ ಹೋಗುತ್ತಾನೆ. ಥಿಯರಿ ಹೇಳಿದ್ದು ಇಲ್ಲಿ ನಡೆಯಲಿಲ್ಲ. ಆ ಇರಿಸುಮುರಿಸನ್ನು ಅವನು ಕೊನೆಯವರೆಗೂ ಹೊತ್ತ. 'ಕರ್ಣ ಪಾಪ' ಅನ್ನುವ ಮಾತು ನಿಂತದ್ದು ಈ ಕ್ಲಾಸಿನಲ್ಲೇ. ಅಯ್ಯೋ ಅನ್ನಿಸಿಕೊಳ್ಳುವವನು ಇಷ್ಟು ಸ್ಪಷ್ಟವಾಗಿ ತನ್ನನ್ನು ನೋಡಿಕೊಳ್ಳುವುದಿಲ್ಲ ಅಂತ ಒಬ್ಬ ಹುಡುಗ ಬರೆದಿದ್ದ.

ಈ ಆರೂ ದಾರಿಗಳಿಗೆ ಒಂದು ಕಡಿವಾಣ ಬೇಕು. 1967ರಲ್ಲಿ ಜೋನ್ಸ್ ಮತ್ತು ಹ್ಯಾರಿಸ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು (ಈ ಜೋನ್ಸ್ ಬೇರೆ) ಒಂದು ಪ್ರಯೋಗ ಮಾಡಿದರು. ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೋ ಪರವಾಗಿ ಬರೆದ ಪ್ರಬಂಧ ಓದಿಸಿ, ಹೀಗೇ ಬರೆಯಬೇಕು ಅಂತ ಬರೆದವನಿಗೆ ಹೇಳಲಾಗಿತ್ತು ಅಂತಲೂ ತಿಳಿಸಿದರು. ಆದರೂ ಓದಿದವರಿಗೆ ಅವನು ಕ್ಯಾಸ್ಟ್ರೋ ಕಡೆಯವನೇ ಅನ್ನಿಸಿತು. ಕಥೆಯ ಪಾತ್ರವೂ ಹಾಗೇ, ಹೀಗೇ ಮಾಡಬೇಕು ಅಂತ ಬರೆದವರು ಹೇಳಿದ್ದನ್ನು ಮಾಡುತ್ತದೆ. ಶೇಕ್ಸ್‌ಪಿಯರ್‌ನ ಇನ್ನೊಂದು ಪಾತ್ರವಾದ ಲೇಡಿ ಮ್ಯಾಕ್‌ಬೆತ್‌ಗೆ ಎಷ್ಟು ಮಕ್ಕಳು ಅಂತ ವಿಮರ್ಶಕ ಎಲ್. ಸಿ. ನೈಟ್ಸ್ 1933ರಲ್ಲಿ ತಮ್ಮ ಪ್ರಬಂಧದ ಹೆಸರಿನಲ್ಲೇ ಗೇಲಿ ಮಾಡಿದ್ದು, ಇದನ್ನು ಮರೆತು ಪಾತ್ರವನ್ನು ನಿಜವಾದ ಮನುಷ್ಯ ಅಂದುಕೊಳ್ಳುವುದನ್ನೇ. ನನ್ನ ಕ್ಲಾಸಿನಲ್ಲಿ ನಿಯಮ ಸುಲಭ. ಏನು ಹೇಳಿದರೂ ಪುಟದ ನಂಬರ್ ಜೊತೆಗೆ ಹೇಳಬೇಕು.

ಒಂದೇ ಪೀರಿಯಡ್ ಇದ್ದರೆ ಡಿಸೊನೆನ್ಸ್ ತೆಗೆದುಕೊಳ್ಳಿ. ವಾರ ಪೂರ್ತಿ ಇದ್ದರೆ ರಕ್ಷಣಾ ತಂತ್ರಗಳನ್ನೂ ಸೇರಿಸಿ. ಎರಡು ಪಾತ್ರಗಳನ್ನು ಹೋಲಿಸುವ ಪರೀಕ್ಷೆಯ ಪ್ರಶ್ನೆಗೆ ಬಿಗ್ ಫೈವ್ ಸಾಕು. ಅಟ್ಯಾಚ್‌ಮೆಂಟ್ ಬಳಸುವ ಮುಂಚೆ ಆ ಪಾತ್ರದ ಬಾಲ್ಯ ಪುಸ್ತಕದಲ್ಲಿ ಇದೆಯಾ ಅಂತ ನೋಡಿಕೊಳ್ಳಿ. ಡಿಎಸ್‌ಎಂ ದೊಡ್ಡ ವಿದ್ಯಾರ್ಥಿಗಳಿಗೆ ಮಾತ್ರ, ಅದೂ ಎರಡು ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು. ಎಂಬಿಟಿಐಯನ್ನು ಹುಡುಗರು ನೀವು ಬೇಡ ಅಂದರೂ ತಂದೇ ತರುತ್ತಾರೆ. ಅವತ್ತಿಗೆ ಫೋರರ್‌ನ ಪ್ಯಾರಾ ಸಿದ್ಧವಾಗಿಟ್ಟುಕೊಂಡಿರಿ.