ಎರಡೇ ದಿನದಲ್ಲಿ ಕಾದಂಬರಿ ಒಪ್ಪಿಕೊಂಡು ದುಡ್ಡು ಕೇಳುವ ಪ್ರಕಾಶಕರಿಂದ ದೂರ ಇರಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಕಾದಂಬರಿ ಬರೆದು ಪ್ರಕಾಶಕರನ್ನು ಹುಡುಕುತ್ತಿರುವವರು ಇದನ್ನು ಪೂರ್ತಿ ಓದಿ. ನಾಚಿಕೆ ಬದಿಗಿಟ್ಟು ಬರೆಯುತ್ತಿದ್ದೇನೆ. ₹68,000 ಹೋಗಿದೆ.

ಮೂರು ಕಡೆಯಿಂದ ಹಸ್ತಪ್ರತಿ ವಾಪಸ್ ಬಂದಿತ್ತು. ಇಂಥವರು ಕೈಹಾಕುವುದು ಅಂಥ ಹೊತ್ತಿನಲ್ಲೇ. ಫೈಲ್ ಕಳಿಸಿದ ಎರಡನೇ ದಿನ ಫೋನು: "ಸರ, ನಮ್ಮ ಆಯ್ಕೆ ಸಮಿತಿಯವರು ಒಪ್ಯಾರ್ರಿ. ಇಂಥಾ ಕಾದಂಬರಿ ನಮ್ಮ ಭಾಗದಾಗ ಬಂದೇ ಇಲ್ಲ." 224 ಪುಟ, ಎರಡು ದಿನ. ಯಾವ ಸಮಿತಿ ಓದಿತು? ಆಗ ಹೊಳೆಯಲಿಲ್ಲ. ಮೂರು ಸಲ ಬೇಡ ಅನ್ನಿಸಿಕೊಂಡವರಿಗೆ ಬೇಕು ಅನ್ನುವ ಮಾತೊಂದೇ ಕಿವಿಗೆ ಬೀಳುತ್ತದೆ.

ಕರಾರಿನಲ್ಲಿ ಇದ್ದದ್ದು: ಡೆಮಿ 1/8 ಅಳತೆಯ ಪುಸ್ತಕ, 16 ಪುಟದ 14 ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು), 70 ಜಿಎಸ್‌ಎಂ ಮ್ಯಾಪ್ಲಿಥೊ ಹಾಳೆ (ಜಿಎಸ್‌ಎಂ ಅಂದರೆ ಹಾಳೆಯ ತೂಕದ ಅಳತೆ), 300 ಜಿಎಸ್‌ಎಂ ಆರ್ಟ್ ಕಾರ್ಡ್ ಮುಖಪುಟ, 500 ಪ್ರತಿ, ಅಚ್ಚಿಗೆ ಮುಂಚೆ ತಪ್ಪು ತಿದ್ದಲು ಲೇಖಕರಿಗೆ ಎರಡು ಪ್ರೂಫ್. ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಶುಲ್ಕ ಅಂತ ಬೇರೆ ₹4,000. ಗ್ರಂಥಾಲಯದ ಸಗಟು ಖರೀದಿ "ನೂರಕ್ಕ ನೂರು ಆಗ್ತದ್ರಿ" ಅಂದದ್ದು ಬರೀ ಬಾಯಿಮಾತು.

ಏಳು ತಿಂಗಳಾದ ಮೇಲೆ ಬಸ್ ಪಾರ್ಸೆಲ್‌ನಲ್ಲಿ ಬಂದದ್ದು 60 ಪ್ರತಿ. ಅರವತ್ತು! ಹಾಳೆ ಎಷ್ಟು ತೆಳು ಅಂದರೆ ಹಿಂದಿನ ಪುಟದ ಅಕ್ಷರ ಕಾಣುತ್ತದೆ. ಹೊಲಿಗೆ ಇಲ್ಲ, ಬರೀ ಅಂಟು. ನಡುವೆ ಅಗಲಿಸಿದರೆ ಹಾಳೆ ಕೈಗೇ ಬರುತ್ತದೆ. 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿದ್ದ ಫೈಲನ್ನು ಯೂನಿಕೋಡ್ ಅಕ್ಷರಕ್ಕೆ ತಿರುಗಿಸಿ, ತಿದ್ದದೆ ಹಾಗೇ ಮುದ್ರಿಸಿದ್ದಾರೆ. ಅರ್ಕಾವತ್ತೆಲ್ಲ ಕೆಟ್ಟಿವೆ. 'ಕರ್ಮ' ಇದ್ದಲ್ಲಿ 'ಕಮ೯', 'ಊರ್ಮಿ' ಇದ್ದಲ್ಲಿ 'ಊಮಿ೯'. ಪ್ರೂಫ್ ಒಂದೂ ಬರಲಿಲ್ಲ. ಒಂದೂ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಹಿಂಬದಿಯ ಐಎಸ್‌ಬಿಎನ್ ನೋಡಿದೆ. 13 ಅಂಕಿಗಳನ್ನು ಎಡದಿಂದ ಸಾಲಾಗಿ 1, 3, 1, 3 ಎಂದು ಗುಣಿಸಿ ಕೂಡಿಸಿದರೆ ಮೊತ್ತ 10ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ನನ್ನದರ ಮೊತ್ತ 117. ಮೂರು ಸಲ ಕೂಡಿಸಿದೆ, ಮೂರು ಸಲವೂ 117. ಅಂದರೆ ಅದು ಸಂಖ್ಯೆಯೇ ಅಲ್ಲ, ಬಾರ್‌ಕೋಡಿನ ಚಿತ್ರ ಅಷ್ಟೇ. ಮನೆಮಂದಿಗೆಲ್ಲ ಆ ಪುಸ್ತಕ ಹಂಚಿಯಾಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಐಎಸ್‌ಬಿಎನ್ ಕೊಡುವುದು ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿ. ಆನ್‌ಲೈನ್ ಅರ್ಜಿ, ಪುಕ್ಕಟೆ. ಲೇಖಕರೇ ಹಾಕಬಹುದು. ಪುಕ್ಕಟೆ ಸಿಗುವುದಕ್ಕೆ ನಾಲ್ಕು ಸಾವಿರ!

ಕೇಳಿದ್ದಕ್ಕೆ ಬಂದ ಉತ್ತರಗಳು:
"ಅದು ಡಿಟಿಪಿಯವರ ತಪ್ಪರೀ ಸರ."
"ಉಳಿದ 440 ಪ್ರತಿ ಗೋಡೌನ್‌ದಾಗ ಅವ." ಬಂದು ನೋಡುತ್ತೇನೆ ಅಂದೆ. "ಚಾವಿ ಇದ್ದವರು ಊರಾಗಿಲ್ರಿ."
ಕೊನೆಗೆ, "ನಿಮ್ಮ ಕಾದಂಬರಿ ಯಾರೂ ತಗೋತಿರಲಿಲ್ಲ, ನಾವಾದ್ರೂ ತಗೊಂಡೀವಿ."
ಆಮೇಲೆ ಫೋನ್ ಎತ್ತುವುದೇ ನಿಂತಿತು. ಅವರ ಆ ಕೊನೆಯ ಮಾತು ದುಡ್ಡಿಗಿಂತ ಹೆಚ್ಚು ಸುಡುತ್ತಿದೆ.

ಸಹಿ ಹಾಕುವ ಮುಂಚೆ ಕರಾರಿನ ಹಕ್ಕಿನ ಕಲಮು ಓದಿ. ನನ್ನದರಲ್ಲಿ ಅನುವಾದ, ಸಿನಿಮಾ ಸೇರಿ ಎಲ್ಲ ಹಕ್ಕು 'ಶಾಶ್ವತವಾಗಿ' ಅವರಿಗೆ ಎಂದಿತ್ತು. ಓದದೆ ಸಹಿ ಹಾಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಧಿ ಬರೆಯದಿದ್ದರೆ ಹಕ್ಕು ಕೊಟ್ಟದ್ದು 5 ವರ್ಷಕ್ಕೆ ಅಂತಲೇ ಲೆಕ್ಕ. 'ಶಾಶ್ವತ' ಅಂತ ಬರೆಸಿಕೊಂಡದ್ದು ಅದನ್ನು ತಪ್ಪಿಸಲಿಕ್ಕೇ. ಆ ಶಬ್ದ ಹೊಡೆಸಿ, ವರ್ಷ ಬರೆಸಿ. ದುಡ್ಡು ಒಂದೇ ಕಂತಿನಲ್ಲಿ ಬೇಡ. ಪ್ರೂಫ್ ಕೈಗೆ ಬಂದ ಮೇಲೆ ಎರಡನೆಯದು, ಪ್ರತಿ ಎಣಿಸಿದ ಮೇಲೆ ಕೊನೆಯದು. ಸಗಟು ಖರೀದಿ ಖಾತ್ರಿ ಅನ್ನುವವರನ್ನು ನಂಬಲೇಬೇಡಿ, ಅಲ್ಲಿ ಆಯ್ಕೆ ಮಾಡುವವರು ಬೇರೆ. 35 ವರ್ಷದೊಳಗಿನವರು ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಅರ್ಜಿ ಕರೆಯುವುದನ್ನು ಕಾಯಿರಿ. ಇನ್ನೊಂದು ಸಲ ವಾಪಸ್ ಬಂದರೂ ಬರಲಿ, ಹಸ್ತಪ್ರತಿ ನಿಮ್ಮದಾಗೇ ಇರುತ್ತದೆ.

ಹಿಂಗೇ ಸಿಕ್ಕಿಬಿದ್ದವರಿದ್ದರೆ ಕರಾರು, ರಸೀದಿ, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡಲು 2 ವರ್ಷ ಅವಕಾಶವಿದೆ, ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನನ್ನ ಕಾಗದಪತ್ರ ಸೋಮವಾರ ವಕೀಲರ ಕೈಗೆ ಹೋಗುತ್ತಿವೆ.