ಬೋರ್ಡ್ ಮೇಲೆ 22 ಕಿಲೋವ್ಯಾಟ್, ನನ್ನ ಗಾಡಿಗೆ ಬಂದದ್ದು 3.2

ಮೇ ತಿಂಗಳಲ್ಲಿ ಕಾಕಾನ ಮಗಳ ಮದುವೆಗೆ ಕಲಬುರಗಿಯಿಂದ ಬೀದರಿಗೆ ಹೋಗಿದ್ದೆವು. ಗಾಡಿ ಹೊಸದು, ಎಲೆಕ್ಟ್ರಿಕ್, ಬ್ಯಾಟರಿ 40 ಯೂನಿಟ್. ಜೊತೆಗೆ ಅವ್ವ ಇದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಸಂಜೆ ಆರಕ್ಕೆಲ್ಲ ಮನೆ ಸೇರ್ತೀವಿ ಅಂತ ರಾತ್ರಿಯ ಇನ್ಸುಲಿನ್ ಮನೆಯ ಫ್ರಿಜ್‌ನಲ್ಲೇ ಬಿಟ್ಟು ಬಂದಿದ್ದೆವು.

ಊಟ ಮುಗಿಸಿ ಹೊರಟಾಗ ಚಾರ್ಜ್ 30 ಪರ್ಸೆಂಟ್ ಉಳಿದಿತ್ತು. ಆ ಬಿಸಿಲಲ್ಲಿ ಎಸಿ ಹಾಕಿಕೊಂಡು ಕಲಬುರಗಿ ತನಕ ನೂರಕ್ಕೂ ಜಾಸ್ತಿ ಕಿಲೋಮೀಟರ್ ಅದರಲ್ಲಿ ಆಗೋದಿಲ್ಲ. ನನಗೆ ಗಾಬರಿ ಇರಲಿಲ್ಲ. ಹತ್ತಿರದ ಹೋಟೆಲ್ ಅಂಗಳದಲ್ಲಿ ಚಾರ್ಜರ್ ಇತ್ತು, ಮೇಲೆ ದೊಡ್ಡದಾಗಿ 22 ಕಿಲೋವ್ಯಾಟ್ ಅಂತ ಬರೆದಿತ್ತು. ಒಂದು ತಾಸಿನಲ್ಲಿ ಬೇಕಾದಷ್ಟು ತುಂಬುತ್ತದೆ ಅಂತ ಲೆಕ್ಕ ಹಾಕಿ ಮೂರೂವರೆಗೆ ಚಾರ್ಜರಿನ ಗನ್, ಅಂದರೆ ವೈರಿನ ತುದಿಯ ಪ್ಲಗ್, ಗಾಡಿಗೆ ಚುಚ್ಚಿದೆ.

ಒಂದು ತಾಸಿನ ಮೇಲೆ ನೋಡಿದರೆ 37 ಪರ್ಸೆಂಟ್. ಪರದೆ ಮೇಲೆ 3.2 ಕಿಲೋವ್ಯಾಟ್ ಅಂತ ಬರ್ತಿತ್ತು. ಅಲ್ಲಿದ್ದ ಹುಡುಗನನ್ನು ಕರೆದು ಕೇಳಿದೆ. "ಮಷೀನ್ ಬರಾಬರ್ ಅದರಿ ಸರ. ನಿಮ್ಮ ಗಾಡಿನೇ ಇಷ್ಟು ತಗೋಲಕತ್ತದ. ನಿನ್ನಿ ಒಬ್ರ ಗಾಡಿಗೆ ಇದೇ ಗನ್ನಿನ್ಯಾಗ 7 ಬಂದಿತ್ತು" ಅಂದ.

ಅವನು ಹೇಳಿದ್ದೇ ನಿಜ. ನಾನು ಗಾಡಿ ತಗೊಳ್ಳುವಾಗ ಯಾರೂ ಬಿಡಿಸಿ ಹೇಳದೇ ಇದ್ದದ್ದು ಇದೇ. ಬ್ಯಾಟರಿಗೆ ತುಂಬುವುದು ಡಿಸಿ ಕರೆಂಟ್. ಮನೆಯ ಪ್ಲಗ್ಗಿನಲ್ಲಿ, ಹೋಟೆಲಿನ ಇಂಥ ಚಾರ್ಜರಿನಲ್ಲಿ ಬರುವುದು ಎಸಿ ಕರೆಂಟ್. ಎಸಿಯನ್ನು ಡಿಸಿ ಮಾಡುವ ಪೆಟ್ಟಿಗೆ ಗಾಡಿಯ ಒಳಗೇ ಇರುತ್ತದೆ, ಅದಕ್ಕೆ ಆನ್‌ಬೋರ್ಡ್ ಚಾರ್ಜರ್ ಅಂತಾರೆ. ನನ್ನ ಗಾಡಿಯದು 3.3 ಕಿಲೋವ್ಯಾಟ್. ಹೊರಗೆ 22 ಇರಲಿ, 50 ಇರಲಿ, ಎಸಿ ಆದರೆ ಒಳಗೆ ಹೋಗುವುದು ಅಷ್ಟೇ. 22 ಅನ್ನೋ ಲೆಕ್ಕ ಕೂಡ ಮೂರು ಫೇಸ್ ಸೇರಿಸಿ ಬರುವುದು, ಒಂದೊಂದರಲ್ಲಿ ಸುಮಾರು 7. 7.2ರ ಪೆಟ್ಟಿಗೆ ಇರುವ ಗಾಡಿಗೂ ಅಲ್ಲಿ 7.2ಕ್ಕಿಂತ ಜಾಸ್ತಿ ಸಿಗುವುದಿಲ್ಲ.

ಎರಡು ತಾಸು ಕಾದು, 44 ಪರ್ಸೆಂಟ್ ಆದ ಮೇಲೆ ದಾರಿಯಲ್ಲಿ ಸಿಗುವ ಹುಮನಾಬಾದಿಗೆ ಬಂದೆವು. ಅಲ್ಲಿ ಡಿಸಿ ಫಾಸ್ಟ್ ಚಾರ್ಜರ್ ಇತ್ತು. ಮುಂದೆ ಒಂದು ಗಾಡಿ ನಿಂತಿದ್ದರಿಂದ ಅರ್ಧ ತಾಸು ಕಾಯಬೇಕಾಯಿತು. ಗನ್ ಸಿಕ್ಕ ಮೇಲೆ ಮಾತ್ರ 40 ನಿಮಿಷದಲ್ಲಿ 21ರಿಂದ 60 ಆಯಿತು. ಡಿಸಿ ಚಾರ್ಜರ್ ಆ ಒಳಗಿನ ಪೆಟ್ಟಿಗೆಯನ್ನು ದಾಟಿ ಸೀದಾ ಬ್ಯಾಟರಿಗೆ ಕೊಡುತ್ತದೆ, ಅದಕ್ಕೇ ಬೇಗ. ಮನೆ ಮುಟ್ಟಿದಾಗ ಒಂಬತ್ತು ದಾಟಿತ್ತು. ಅವ್ವ ಇನ್ಸುಲಿನ್ ಇಲ್ಲದೆ ಉಣ್ಣಬಾರದು ಅಂತ ಹಾಗೇ ಕೂತಿದ್ದಳು. ಸುಸ್ತಾಗಿ ಮಾತು ನಿಂತುಬಿಟ್ಟಿತ್ತು. ಆ ಮುಖ ನನಗೆ ಇನ್ನೂ ಕಣ್ಣ ಮುಂದೆ ಬರುತ್ತದೆ.

ಶೋರೂಮಿನಲ್ಲಿ ನಾನು ಕೇಳಿದ್ದೆ, ಫಾಸ್ಟ್ ಚಾರ್ಜಿಂಗ್ ಇದೆಯಾ ಅಂತ. "ಇದೆ ಸರ, ಒಂದು ತಾಸಿನಲ್ಲಿ 80 ಪರ್ಸೆಂಟ್" ಅಂದಿದ್ದರು. ಸುಳ್ಳಲ್ಲ, ಆದರೆ ಅದು ಡಿಸಿಯ ಮಾತು. ಇದೇ ಗಾಡಿಯಲ್ಲಿ 7.2ರ ಮಾಡೆಲ್ ಕೂಡ ಇತ್ತು. 50,000 ಜಾಸ್ತಿ, "ನಿಮಗೆ ಅದು ಬೇಕಾಗಿಲ್ಲ" ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದರು. ಯಾಕೆ ಜಾಸ್ತಿ ಅಂತ ಅವತ್ತು ಹೇಳಿದ್ದರೆ ನಾನು ಖಂಡಿತ ಕೊಡ್ತಿದ್ದೆ.

ಇದಕ್ಕಿಂತ ಸಿಟ್ಟು ಬಂದದ್ದು ಆಮೇಲೆ. ದೂರು ಹೇಳಲು ಹೋದರೆ, ಮನೆಯಲ್ಲಿ 7.2 ಕಿಲೋವ್ಯಾಟಿನ ವಾಲ್ ಬಾಕ್ಸ್ (ಗೋಡೆಗೆ ಕೂರಿಸುವ ಎಸಿ ಚಾರ್ಜರ್) ಹಾಕಿಸಿ, ಬೇಗ ತುಂಬುತ್ತದೆ ಅಂದರು. ನಾನು ಹೂಂ ಅಂದುಬಿಡ್ತಿದ್ದೆ. ನಮ್ಮ ಓಣಿಯ ಎಲೆಕ್ಟ್ರಿಷಿಯನ್ ತಡೆದ. ಗಾಡಿಯೇ 3.3 ತಗೊಳ್ಳುವಾಗ ಆ ಡಬ್ಬಿಯಿಂದ ನನಗೇನು ಲಾಭ? ಅದರ ಜೊತೆಗೆ ಮನೆಯ ಲೋಡ್ ಹೆಚ್ಚಿಸುವ ಖರ್ಚು ಬೇರೆ. ಒಳಗಿನ ಪೆಟ್ಟಿಗೆಯನ್ನು ದೊಡ್ಡದು ಮಾಡಿಕೊಡಿ ಅಂದೆ. ಅದು ಆಗೋದಿಲ್ಲವಂತೆ.

ಗಾಡಿ ನೋಡಲು ಹೋಗುವವರು ಫಾಸ್ಟ್ ಚಾರ್ಜಿಂಗ್ ಇದೆಯಾ ಅಂತ ಕೇಳಿ ಸುಮ್ನೆ ಆಗಬೇಡಿ. ಆನ್‌ಬೋರ್ಡ್ ಚಾರ್ಜರ್ ಎಷ್ಟು ಕಿಲೋವ್ಯಾಟ್, ಡಿಸಿಯಲ್ಲಿ ಹೆಚ್ಚೆಂದರೆ ಎಷ್ಟು ತಗೊಳ್ಳುತ್ತದೆ, ಎರಡನ್ನೂ ಬೇರೆ ಬೇರೆ ಕೇಳಿ. ನೀವು ಬುಕ್ ಮಾಡುವ ಮಾಡೆಲ್ಲಿನ ಹೆಸರಿನ ಎದುರೇ ಬರೆಸಿಕೊಳ್ಳಿ, ಒಂದೇ ಗಾಡಿಯಲ್ಲಿ ಮಾಡೆಲ್ ಬದಲಾದರೆ ಇದೂ ಬದಲಾಗಬಹುದು.

ಗಾಡಿ ಈಗಾಗಲೇ ಇದ್ದವರು ದಾರಿಯಲ್ಲಿ ಗನ್ನಿನ ಮುಖ ನೋಡಿ. ಏಳು ಪಿನ್ನಿನ ದುಂಡು ಮುಖ ಮಾತ್ರ ಇದ್ದರೆ ಎಸಿ. ಅದರ ಕೆಳಗೆ ಎರಡು ದಪ್ಪ ಪಿನ್ ಇದ್ದರೆ ಡಿಸಿ. ಡಿಸಿಯಲ್ಲೂ ಒಂದೇ ಮಷೀನಿಗೆ ಎರಡು ಗಾಡಿ ಹಚ್ಚಿದರೆ ಪವರ್ ಹಂಚಿಹೋಗಬಹುದು. ನಮ್ಮ ಕಡೆಯ ಬೇಸಿಗೆಯಲ್ಲಿ ಬ್ಯಾಟರಿ ಕಾದಿದ್ದರೆ ಗಾಡಿ ತಾನಾಗಿ ಕಮ್ಮಿ ತಗೊಳ್ಳುತ್ತದೆ. 80 ದಾಟಿದ ಮೇಲಂತೂ ನಿಧಾನವೇ.

ಈಗ ನಾನು ಬೀದರಿಗೆ ಹೋಗುವಾಗ ಹಿಂದಿನ ರಾತ್ರಿ ಮನೆಯಲ್ಲೇ ಪೂರ್ತಿ ತುಂಬಿಸುತ್ತೇನೆ. ಹುಮನಾಬಾದಿನ ಚಾರ್ಜಿಂಗನ್ನು ಬರುವಾಗ ಅಲ್ಲ, ಹೋಗುವಾಗಲೇ ಮಾಡಿಸುತ್ತೇನೆ. ಅವ್ವನ ಇನ್ಸುಲಿನ್ ಐಸ್ ಪ್ಯಾಕಿನ ಚೀಲದಲ್ಲಿ ಜೊತೆಗೇ ಇರುತ್ತದೆ.